ಮೇಷ್ಟ್ರೇ, ಸಂಶೋಧನೆಗೂ ಪಾಠಕ್ಕೂ ಏನು ಸಂಬಂಧ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಕಡೆಯ ಡಿಗ್ರಿ ಕಾಲೇಜುಗಳಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ನಿವೃತ್ತಿ ಆದ ಮೇಲೂ ಪ್ರಶ್ನೆಗಳು ನಿಂತಿಲ್ಲ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಹಳೇ ಶಿಷ್ಯರು ಕೇಳುತ್ತಾರೆ, ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ, ಅತಿಥಿ ಉಪನ್ಯಾಸಕರು ಕಾಗದ ಬರೆದು ಕೇಳುತ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ನಿಮಗೆ ಬೇಕಾದ ಒಂದನ್ನೇ ಓದಿಕೊಂಡು ಹೋದರೂ ಬೇಜಾರಿಲ್ಲ.

## ಮೊದಮೊದಲ ಪ್ರಶ್ನೆಗಳು

ಪಾಠ ಮಾಡೋಕೆ ಪಿಎಚ್‌.ಡಿ. ಯಾಕೆ ಸರ್? ಪುಸ್ತಕ ಚೆನ್ನಾಗಿ ಓದಿಕೊಂಡು ಹೇಳಿದ್ರೆ ಸಾಲದಾ?

ಕೆಲಸ ಸಿಗೋದಕ್ಕೆ ಸಾಕು. ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್‌.ಡಿ. ಕಡ್ಡಾಯ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ನಿಯಮ ಮಾಡಿತ್ತು. ಜಾರಿ ಮುಂದೆ ಮುಂದೆ ಹೋಯಿತು. ಕೊನೆಗೆ 2023ರ ಜುಲೈನಿಂದ ನೆಟ್, ಸೆಟ್ ಅಥವಾ ಸ್ಲೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ಸಾಕು, ಪಿಎಚ್‌.ಡಿ. ಇದ್ದರೆ ಇರಲಿ ಎಂದಾಯಿತು.

ಪಾಠಕ್ಕೆ ಸಾಕಾ ಅನ್ನೋದು ಬೇರೆ ಮಾತು. ಪುಸ್ತಕ ಓದಿ ಹೇಳುವವನಿಗೂ, ಒಂದು ಸಲವಾದರೂ ತಾನೇ ಕೈಯಾರೆ ಹುಡುಕಿದವನಿಗೂ ವ್ಯತ್ಯಾಸ ಇದೆ. ಪುಸ್ತಕದ ಯಾವ ಸಾಲು ಗಟ್ಟಿ, ಯಾವುದು ಸಡಿಲ ಅಂತ ಹುಡುಕಿದವನಿಗೆ ಅಂದಾಜು ಸಿಗುತ್ತದೆ. ಕೆರೆಯನ್ನು ಇಂಥವನು ಕಟ್ಟಿಸಿದ ಅಂತ ಪುಸ್ತಕದಲ್ಲಿ ಇರುತ್ತದೆ. ಶಾಸನ ತೆಗೆದು ನೋಡಿದರೆ, ಅವನು ಒಡೆದ ಏರಿಯನ್ನು ರಿಪೇರಿ ಮಾಡಿಸಿದ್ದು ಅಷ್ಟೇ. ಇಂಥ ಅನುಮಾನ ಬರೋದಕ್ಕೆ ಡಾಕ್ಟರೇಟೇ ಆಗಬೇಕು ಅಂತೇನಿಲ್ಲ. ಆದರೆ ಒಂದು ಸಲ ಕೈ ಕೆಸರಾಗಿರಬೇಕು.

ವಿದ್ವತ್ತು, ಸಂಶೋಧನೆ ಎರಡೂ ಒಂದೇ ಅಲ್ವಾ?

ಅಲ್ಲ. ಹೊಸದೊಂದು ವಿಷಯ ಕಂಡುಹಿಡಿಯೋದು ಸಂಶೋಧನೆ. ತನ್ನ ವಿಷಯದಲ್ಲಿ ಏನೇನು ನಡೆದಿದೆ, ಯಾರು ಯಾರ ಮಾತನ್ನು ಒಪ್ಪಿಲ್ಲ, ಯಾಕೆ ಒಪ್ಪಿಲ್ಲ ಅಂತ ತಿಳಿದುಕೊಂಡಿರೋದು ವಿದ್ವತ್ತು. ಒಂದೂ ಪೇಪರ್ ಬರೆಯದ ವಿದ್ವಾಂಸರನ್ನು ನೋಡಿದ್ದೇನೆ. ಇಪ್ಪತ್ತು ಪೇಪರ್ ಬರೆದು, ತಮ್ಮ ಟಾಪಿಕ್ ಬಿಟ್ಟು ಪಕ್ಕದ ಪುಟ ತಿರುಗಿಸದವರನ್ನೂ ನೋಡಿದ್ದೇನೆ. ಡಿಗ್ರಿ ಮಕ್ಕಳಿಗೆ ಮೊದಲನೆಯವರಿಂದಲೇ ಜಾಸ್ತಿ ಉಪಯೋಗ.

ಮಗಳನ್ನ ಡಿಗ್ರಿಗೆ ಸೇರಿಸಬೇಕು. ಎಷ್ಟು ಜನ ಡಾಕ್ಟರೇಟ್ ಆದವರು ಇದ್ದಾರೆ ಅಂತ ನೋಡಿ ಕಾಲೇಜು ಆರಿಸಬೇಕೇನ್ರೀ?

ಅದೊಂದನ್ನೇ ನೋಡಬೇಡಿ. ಕಾಲೇಜಿಗೆ ಹೋದಾಗ ಲೈಬ್ರರಿಗೆ ಒಂದು ಸುತ್ತು ಹಾಕಿ. ಪುಸ್ತಕ ಮಕ್ಕಳ ಕೈಗೆ ಸಿಗುತ್ತಾ, ಬೀರುವಿನಲ್ಲಿ ಬೀಗದೊಳಗೆ ಇದೆಯಾ ನೋಡಿ. ಮೂರನೇ ವರ್ಷದ ಮಕ್ಕಳು ಇಬ್ಬರನ್ನು ಹಿಡಿದು, ಪ್ರಾಜೆಕ್ಟಿಗೆ ಏನು ಮಾಡಿದಿರಿ ಅಂತ ಕೇಳಿ. ಅವರ ಕಣ್ಣು ಅರಳಿದರೆ ಸೇರಿಸಿ. "ಝೆರಾಕ್ಸ್ ಅಂಗಡೀಲಿ ಸಿಗುತ್ತೆ ಅಂಕಲ್" ಅಂದರೆ ಬೋರ್ಡಿನ ಮೇಲೆ ಎಷ್ಟು ಡಾಕ್ಟರೇಟ್ ಹೆಸರಿದ್ದರೂ ಯೋಚನೆ ಮಾಡಿ.

ಎರಡನ್ನೂ ಚೆನ್ನಾಗಿ ಮಾಡಿದವರು ನಮ್ಮ ಕಡೆ ಯಾರಾದ್ರೂ ಇದ್ದಾರಾ?

ಇಬ್ಬರ ಹೆಸರು ಹೇಳುತ್ತೇನೆ. ಇಬ್ಬರದ್ದೂ ಬೇರೆ ಬೇರೆ ದಾರಿ.

ಎಂ.ಎಚ್. ಕೃಷ್ಣ ಮೈಸೂರು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪ್ರಾಧ್ಯಾಪಕರು. ಜೊತೆಗೆ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ 1929ರಲ್ಲಿ ಉತ್ಖನನ ಮಾಡಿಸಿದವರು ಅವರೇ. ಕದಂಬ ಮಯೂರಶರ್ಮನ ಶಾಸನ ಹೊರಗಿನ ವಿದ್ವಾಂಸರಿಗೆ ಗೊತ್ತಾಗಿದ್ದೂ ಅವರಿಂದ. ಮಣ್ಣು ಅಗೆದವರೇ ಬಂದು ಕ್ಲಾಸಿನಲ್ಲಿ ಪಾಠ ಮಾಡಿದರೆ ಹೇಗಿರಬೇಡ!

ಇನ್ನೊಬ್ಬರು ಚಳ್ಳಕೆರೆ ತಾಲ್ಲೂಕು ತಳುಕಿನ ಟಿ.ಎಸ್. ವೆಂಕಣ್ಣಯ್ಯ. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಅವರನ್ನು ಬರೆದ ಪುಸ್ತಕಗಳಿಗಿಂತ ಬೆಳೆಸಿದ ಶಿಷ್ಯರಿಂದ ನೆನೆಯುವವರೇ ಜಾಸ್ತಿ. ಕುವೆಂಪು ತಮ್ಮ ರಾಮಾಯಣ ಮಹಾಕಾವ್ಯವನ್ನು ಅರ್ಪಿಸಿರುವುದು ಈ ಗುರುವಿಗೆ. ಇವತ್ತಿನ ಪ್ರಮೋಷನ್ ಲೆಕ್ಕದ ಫಾರಂ ತುಂಬಿಸಿದ್ದರೆ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಿದ್ದರೋ!

## ಕ್ಲಾಸಿನೊಳಗಿನ ಪ್ರಶ್ನೆಗಳು

ದೊಡ್ಡ ವಿದ್ವಾಂಸರ ಪಾಠದಲ್ಲೇ ನಿದ್ದೆ ಬರುತ್ತಲ್ಲ ಸರ್, ಯಾಕೆ?

ಇದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ. ನನ್ನ ಪಿಎಚ್‌.ಡಿ. ಕೆರೆ ಶಾಸನಗಳ ಮೇಲೆ. ಮುಗಿಸಿ ಬಂದ ವರ್ಷ ತಲೆ ತುಂಬ ಕೆರೆ. ಸಿಲಬಸ್ಸಿನಲ್ಲಿ ನೀರಾವರಿಗೆ ಇದ್ದದ್ದು ಮೂರು ಗಂಟೆ. ನಾನು ಆರು ವಾರ ಎಳೆದೆ. ತೂಬು, ಕೋಡಿ, ಬಿತ್ತುವಟ್ಟ, ಕಟ್ಟುಕೊಡಗೆ, ಒಂದನ್ನೂ ಬಿಡಲಿಲ್ಲ. ಪ್ರಬಂಧದ ಮೂರನೇ ಅಧ್ಯಾಯವನ್ನು ಹೆಚ್ಚುಕಮ್ಮಿ ಹಾಗೇ ಓದಿದೆ. ಸೆಮಿಸ್ಟರ್ ಕೊನೆಗೆ ಎರಡು ಯೂನಿಟ್ ಉಳಿದವು. ರಿಸಲ್ಟು ಕೇಳಬೇಡಿ. ಒಬ್ಬ ಹುಡುಗ ಕಾರಿಡಾರಿನಲ್ಲಿ ನನಗೆ ಕೇಳುವ ಹಾಗೆಯೇ ಅಂದ: "ಈಜು ಬರದೇ ಇದ್ರೂ ಕೆರೆಗೆ ತಳ್ಳಿದ್ರಲ್ಲಪ್ಪ."

ತಪ್ಪು ಎಲ್ಲಾಯಿತು ಅಂದರೆ, ನಾನು ಕ್ಲಾಸಿಗೆ ಒಯ್ದದ್ದು ಉತ್ತರಗಳನ್ನು. ಆ ಉತ್ತರಕ್ಕೆ ನನ್ನನ್ನು ಐದು ವರ್ಷ ಓಡಾಡಿಸಿದ ಪ್ರಶ್ನೆ ಏನಿತ್ತು, ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಹಸಿವೇ ಇಲ್ಲದವರ ಮುಂದೆ ಊಟ ಬಡಿಸಿದ ಹಾಗಾಯಿತು.

ಒಳ್ಳೆ ಸಂಶೋಧಕರೇ ಒಳ್ಳೆ ಮೇಷ್ಟ್ರು ಆಗೋದು ಅಂತಾರಲ್ಲ, ನಿಜನಾ?

ಅಳತೆ ಮಾಡಿ ನೋಡಿದವರಿದ್ದಾರೆ. ಜಾನ್ ಹ್ಯಾಟಿ ಮತ್ತು ಹರ್ಬರ್ಟ್ ಮಾರ್ಷ್ ಎಂಬಿಬ್ಬರು 1996ರಲ್ಲಿ ಅಲ್ಲಿವರೆಗಿನ 58 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ಲೆಕ್ಕ ತೆಗೆದರು. ಸಂಶೋಧನೆಯ ಪ್ರಮಾಣಕ್ಕೂ ಪಾಠದ ಗುಣಮಟ್ಟಕ್ಕೂ ಸಿಕ್ಕ ಸಹಸಂಬಂಧ 0.06. ಸೊನ್ನೆ ಅಂತಲೇ ಇಟ್ಟುಕೊಳ್ಳಿ.

ಈ ಅಂಕಿಯನ್ನು ಇಬ್ಬರೂ ತಮ್ಮ ಕಡೆಗೆ ಎಳೆಯುತ್ತಾರೆ. ಸಂಶೋಧನೆ ಮಾಡದವರು "ನೋಡಿ, ಅದರಿಂದ ಪಾಠಕ್ಕೇನೂ ಉಪಯೋಗ ಇಲ್ಲ" ಅನ್ನುತ್ತಾರೆ. ಮಾಡುವವರು "ನೋಡಿ, ಪಾಠಕ್ಕೇನೂ ತೊಂದರೆ ಇಲ್ಲ" ಅನ್ನುತ್ತಾರೆ. ನನಗೆ ಕಾಣೋದು ಇಷ್ಟು: ಸಂಬಂಧ ತಾನಾಗೇ ಹುಟ್ಟೋದಿಲ್ಲ. ಸಂಶೋಧನೆಯ ಕೋಣೆಯಿಂದ ಕ್ಲಾಸ್‌ರೂಮಿಗೆ ಬಾಗಿಲು ಇದೆ, ಆದರೆ ಯಾರಾದರೂ ತೆಗೆಯಬೇಕು.

ಹಾಗಾದ್ರೆ ಸಂಶೋಧನೆಯನ್ನ ಕ್ಲಾಸಿಗೆ ತರೋದು ಹೇಗೆ?

ನಿಮ್ಮ ವಿಷಯದಲ್ಲಿ ತಿಳಿದವರೂ ತಡವರಿಸುವ ಒಂದು ಜಾಗ ಹುಡುಕಿ. ಅದನ್ನು ಮಕ್ಕಳ ಮುಂದೆ ಇಟ್ಟು ಸುಮ್ನೆ ನಿಲ್ಲಿ. ಸುಮ್ನೆ ನಿಲ್ಲೋದೇ ಕಷ್ಟ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಶಾಸನ ತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಪುಸ್ತಕದಲ್ಲಿ ಅದಕ್ಕೆ ಎರಡು ಸಾಲು, ಪರೀಕ್ಷೆಯಲ್ಲಿ ಎರಡು ಮಾರ್ಕು. ಎಷ್ಟೋ ವರ್ಷ ನಾನೂ ಎರಡೇ ನಿಮಿಷದಲ್ಲಿ ದಾಟಿಸುತ್ತಿದ್ದೆ. ಒಂದು ವರ್ಷ ಅದರ ಕೊನೆಯ ಭಾಗದ ಅಕ್ಷರಗಳನ್ನು ಝೆರಾಕ್ಸ್ ಮಾಡಿಸಿ ಹಂಚಿದೆ. "ಎಲ್ಲಾ ಒಂದೇ ಥರ ಇದೆಯಾ ನೋಡಿ" ಅಂತ ಮಾತ್ರ ಹೇಳಿದೆ. ಐದು ನಿಮಿಷ ಗುಸುಗುಸು. ಆಮೇಲೆ ರಾಂಪುರದ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಕೊನೇ ಪದ ಬೇರೆ ಥರ ಇದೆ. ಮುದ್ರಣ ತಪ್ಪಾಗಿದೆಯಾ?"

ತಪ್ಪಲ್ಲ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಬರೆದವನ ಹೆಸರು ಚಪಡ. ಅವನ ಹೆಸರಿನ ಜೊತೆ ಇರುವ, ಲಿಪಿಕಾರ ಎಂಬ ಅರ್ಥದ ಪದ ಮಾತ್ರ ಖರೋಷ್ಠಿಯಲ್ಲಿದೆ. ಖರೋಷ್ಠಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅದು ನಡೆಯುತ್ತಿದ್ದದ್ದು ವಾಯವ್ಯದಲ್ಲಿ, ಈಗಿನ ಪೇಶಾವರದ ಆ ಕಡೆ. ಅಲ್ಲಿಯ ಅಕ್ಷರ ನಮ್ಮ ಮೊಳಕಾಲ್ಮುರಿನ ಬಂಡೆ ಮೇಲೆ ಯಾಕೆ?

ಕ್ಲಾಸು ಎದ್ದು ಕೂತಿತು. ಅವನು ಆ ಕಡೆಯವನೇ ಇರಬೇಕು ಅಂದರು ಕೆಲವರು. ಇಲ್ಲಿಯವನೇ, ಅಲ್ಲಿ ಕಲಿತು ಬಂದಿದ್ದಾನೆ ಅಂದರು ಇನ್ನು ಕೆಲವರು. ಹಿಂದಿನ ಬೆಂಚಿನ ಒಬ್ಬ ಎದ್ದು, "ನಮ್ಮ ಮಾವ ದುಬೈಯಿಂದ ಬಂದ ಮೇಲೆ ಅರಬ್ಬಿಯಲ್ಲಿ ಸೈನ್ ಹಾಕ್ತಾನೆ ಸರ್, ಸುಮ್ನೆ ಸ್ಟೈಲಿಗೆ" ಅಂದ. ಎಲ್ಲರೂ ನಕ್ಕರು. ಈ ವಾದವನ್ನು ನಾನು ಯಾವ ವಿದ್ವಾಂಸರ ಲೇಖನದಲ್ಲೂ ಓದಿರಲಿಲ್ಲ. ಅದು ತಪ್ಪು ಅಂತ ತೋರಿಸೋಕೆ ನನ್ನ ಹತ್ತಿರ ಆಧಾರವೂ ಇರಲಿಲ್ಲ. ಹಾಗಂತಲೇ ಹೇಳಿದೆ. ಹಾಗಾದರೆ ಯಾವ ಆಧಾರ ಸಿಕ್ಕರೆ ತೀರ್ಮಾನ ಮಾಡಬಹುದು ಅಂತ ಕೇಳಿದೆ. ಉಳಿದ ಅರ್ಧ ಗಂಟೆ ಅದರಲ್ಲೇ ಹೋಯಿತು.

(ಅದೇ ಶಾಸನದಲ್ಲಿ ಶಿಷ್ಯರು ಗುರುವನ್ನು ಗೌರವಿಸಬೇಕು ಅಂತಲೂ ಇದೆ. ಅದನ್ನು ಓದಿದಾಗಲೂ ಹಿಂದಿನ ಬೆಂಚು ನಕ್ಕಿತು.)

ಸಿಲಬಸ್ಸೇ ಮುಗಿಯಲ್ಲ ಸರ್, ಇದಕ್ಕೆಲ್ಲ ಟೈಮ್ ಎಲ್ಲಿದೆ?

ಎಲ್ಲಾ ಕ್ಲಾಸಿನಲ್ಲೂ ಮಾಡಬೇಡಿ. ಸೆಮಿಸ್ಟರಿಗೆ ಎರಡು ಸಲ ಸಾಕು. ಉಳಿದ ದಿನ ನೆಟ್ಟಗೆ ಪಾಠ ಮಾಡಿ, ನೋಟ್ಸ್ ಕೊಡಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಪಾಠ ಮಾಡ್ತಾ ಮಾಡ್ತಾ ಹೊಸ ಸಂಶೋಧನೆ ಹುಟ್ಟೋದುಂಟಾ?

ಉಂಟು, ಅದೂ ಸಣ್ಣಪುಟ್ಟದ್ದಲ್ಲ. ಗಣಿತಜ್ಞ ರಿಚರ್ಡ್ ಡೆಡೆಕಿಂಡ್ 1858ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಸಲ ಕ್ಯಾಲ್ಕ್ಯುಲಸ್ ಪಾಠಕ್ಕೆ ನಿಂತರು. ಸಂಖ್ಯೆಗಳ ಸಾಲಿನಲ್ಲಿ ಎಲ್ಲೂ ಬಿರುಕಿಲ್ಲ ಅಂತ ಹುಡುಗರಿಗೆ ಹೇಳಬೇಕು. ಹೇಳೋಕೆ ಹೋದರೆ ಗೆರೆ ಎಳೆದು ತೋರಿಸೋದು ಬಿಟ್ಟು ಗಟ್ಟಿ ಆಧಾರ ತಮ್ಮ ಹತ್ತಿರವೇ ಇಲ್ಲ. ಆ ಮುಜುಗರದಿಂದ ಕೂತು ಯೋಚಿಸಿದರು. ಅದೇ ವರ್ಷ ನವೆಂಬರಿನಲ್ಲಿ ದಾರಿ ಹೊಳೆಯಿತು. ಅಚ್ಚಾಗಿದ್ದು 1872ರಲ್ಲಿ. ಇವತ್ತು ಬಿ.ಎಸ್ಸಿ. ಮಕ್ಕಳು ಡೆಡೆಕಿಂಡ್ ಕಟ್ ಅಂತ ಓದುವುದು ಅದನ್ನೇ. ಮೆಂಡಲೀವ್ 1869ರಲ್ಲಿ ಮೂಲವಸ್ತುಗಳ ಕೋಷ್ಟಕ ಹಾಕಿದ್ದೂ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಬರೆಯುವಾಗ. ಯಾವ ಮೂಲವಸ್ತುವನ್ನು ಯಾವುದರ ಪಕ್ಕ ಇಟ್ಟರೆ ಮಕ್ಕಳಿಗೆ ತಲೆಗೆ ಹೋಗುತ್ತೆ ಅನ್ನೋ ತಲೆನೋವು ಅದು.

ನಮಗೆಲ್ಲ ಅಷ್ಟು ದೊಡ್ಡದು ಹೊಳೆಯೋದಿಲ್ಲ, ಸರಿ. ಆದರೆ ಬೋರ್ಡಿನ ಮುಂದೆ ನಿಂತಾಗ "ಇದು ನನಗೇ ಸರಿಯಾಗಿ ಗೊತ್ತಿಲ್ಲವಲ್ಲ" ಅಂತ ಬೆವರಿದ ಕ್ಷಣ ಎಲ್ಲರಿಗೂ ಇದೆ. ಅದನ್ನು ಡೈರಿಯಲ್ಲಿ ಬರೆದಿಡಿ.

ಡಿಗ್ರಿ ಹುಡುಗರ ಕೈಲಿ ಸಂಶೋಧನೆ ಆಗುತ್ತಾ? ಪ್ರಾಜೆಕ್ಟ್ ಅಂದ್ರೆ ಬರೀ ಕಾಪಿ ಅಲ್ವಾ?

ನಾವು ಕಾಪಿ ಮಾಡಬಹುದಾದ ಟಾಪಿಕ್ ಕೊಟ್ಟರೆ ಕಾಪಿ ಮಾಡುತ್ತಾರೆ. "ದಾವಣಗೆರೆಯ ಮಂಡಕ್ಕಿ ಉದ್ಯಮ" ಅಂತ ಒಬ್ಬಳು ಪ್ರಾಜೆಕ್ಟ್ ತಂದಳು. ಮೊದಲ ಪುಟದಲ್ಲೇ ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಶುರು. ಕಾಟನ್ ಮಿಲ್ಲಿಗೂ ಮಂಡಕ್ಕಿಗೂ ಏನಮ್ಮಾ ಸಂಬಂಧ ಅಂದೆ. ಸುಮ್ಮನಾದಳು. ಅವಳ ಚಿಕ್ಕಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಒಂದು ದಿನ ಬೆಳಗಿನ ಜಾವದಿಂದ ಅಲ್ಲಿ ಕೂತು, ಕಂಡದ್ದನ್ನು ಬರೆದುಕೊಂಡು ಬಾ ಅಂದೆ.

ಮೂರು ದಿನ ಹೋಗಿ ಬಂದಳು. ನೋಟ್‌ಬುಕ್ಕಿಗೆ ಹೊಗೆ ವಾಸನೆ. ಬಿಸಿ ಮರಳಿನ ಮುಂದೆ ಯಾರು ಎಷ್ಟು ಹೊತ್ತು ನಿಲ್ಲುತ್ತಾರೆ, ಚೀಲ ಹೊಲಿಯೋದು ಯಾರು, ಕೂಲಿ ದಿನಕ್ಕಾ ಚೀಲಕ್ಕಾ, ಎಲ್ಲಾ ಬರೆದಿದ್ದಳು. ಕೊನೆಯಲ್ಲಿ ಒಂದು ಪ್ರಶ್ನೆ: "ಮಳೆ ಹಿಡಿದು ಅಕ್ಕಿ ಒಣಗದೇ ಇದ್ದರೆ ಚೀಲ ಕಮ್ಮಿ ಆಗುತ್ತವೆ. ಆ ದಿನದ ನಷ್ಟ ಯಾರದ್ದು? ಮಾಲೀಕರು ಒಂದು ಹೇಳುತ್ತಾರೆ, ಚಿಕ್ಕಪ್ಪ ಒಂದು ಹೇಳುತ್ತಾರೆ." ಬರವಣಿಗೆಯಲ್ಲಿ ಕಾಗುಣಿತದ ತಪ್ಪು ಬೇಕಾದಷ್ಟು. ಆದರೂ ಆ ವರ್ಷ ನಾನು ಓದಿದ್ದರಲ್ಲಿ ಪಿಎಚ್‌.ಡಿ. ಪ್ರಬಂಧಗಳನ್ನೂ ಸೇರಿಸಿ ಅದೇ ಒಳ್ಳೆಯದು.

## ನೌಕರಿ, ನಿಯಮ, ದುಡ್ಡು

ನಾನು ಅತಿಥಿ ಉಪನ್ಯಾಸಕಿ. ವಾರಕ್ಕೆ ಮೂರು ದಿನ ದಾವಣಗೆರೆ, ಮೂರು ದಿನ ಚಿತ್ರದುರ್ಗ. ನನ್ನಂಥವರು ಸಂಶೋಧನೆ ಯಾವಾಗ ಮಾಡೋದು ಸರ್?

ಯುಜಿಸಿ ಲೆಕ್ಕದಲ್ಲಿ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಉಳಿದ ಹೊತ್ತು ಓದು, ತಯಾರಿ, ಸಂಶೋಧನೆಗೆ ಅಂತ ಕಾಗದದ ಮೇಲೆ ಇದೆ. ನಿಮ್ಮ ಲೆಕ್ಕದಲ್ಲಿ ಆ ಉಳಿದ ಹೊತ್ತು ಬಸ್ಸಿನಲ್ಲಿ ಹೋಗುತ್ತದೆ. ರಜೆ ಬಂದರೆ ಸಂಬಳ ಇಲ್ಲ. ಹೀಗಿರುವಾಗ ಸಂಶೋಧನೆ ಮಾಡಿಲ್ಲ ಅಂತ ನಿಮ್ಮನ್ನು ಕೇಳೋದೇ ಅನ್ಯಾಯ. ಇದನ್ನು ಜಾಣತನದ ಸಲಹೆ ಕೊಟ್ಟು ಮುಚ್ಚಿಹಾಕೋಕೆ ನನಗೆ ಇಷ್ಟ ಇಲ್ಲ.

ಆದರೂ ಕೇಳಿದ್ದೀರಿ. 2022ರ ಪಿಎಚ್‌.ಡಿ. ನಿಯಮದಲ್ಲಿ ಪಾರ್ಟ್ ಟೈಮ್ ಮಾಡಲು ಅವಕಾಶ ಇದೆ, ಕೆಲಸ ಮಾಡುವ ಕಡೆಯಿಂದ ಎನ್‌ಒಸಿ (ನಮ್ಮ ಅಡ್ಡಿ ಇಲ್ಲ ಅನ್ನೋ ಪತ್ರ) ಬೇಕು. ಒಬ್ಬ ಸಹಾಯಕ ಪ್ರಾಧ್ಯಾಪಕರು 4, ಸಹ ಪ್ರಾಧ್ಯಾಪಕರು 6, ಪ್ರಾಧ್ಯಾಪಕರು 8 ಜನಕ್ಕಿಂತ ಹೆಚ್ಚು ಸಂಶೋಧನಾ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಹಾಗಿಲ್ಲ. ಹಾಗಾಗಿ ಗೈಡ್ ಬಳಿ ಸೀಟು ಇದೆಯಾ ಅಂತ ಮೊದಲೇ ವಿಚಾರಿಸಿ. ಟಾಪಿಕ್ಕನ್ನು ನೀವು ದಿನಾ ಓಡಾಡುವ ದಾರಿಯ ಹತ್ತಿರವೇ ಇಟ್ಟುಕೊಳ್ಳಿ. ಬೆಂಗಳೂರಿನ ದಾಖಲೆ ನಂಬಿಕೊಂಡರೆ ಮುಗಿಸೋದು ಕಷ್ಟ. ವಿಜ್ಞಾನದವರಾದರೆ ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ಅಲ್ಲಿ ಮೇಷ್ಟ್ರುಗಳಿಗೆ ಪ್ರಯೋಗಗಳ ತರಬೇತಿ ಕೊಡುತ್ತಾರೆ. ವಿಚಾರಿಸಿ ನೋಡಿ.

ದುಡ್ಡು ಕೊಟ್ರೆ ವಾರದಲ್ಲೇ ಪೇಪರ್ ಪ್ರಿಂಟ್ ಆಗುತ್ತಂತೆ, ಹೌದಾ?

ಹೌದು. ನಾನೂ ಒಂದು ಸಲ ಕೊಟ್ಟಿದ್ದೇನೆ, ಮುಚ್ಚಿಡೋದೇನು. ಪ್ರಮೋಷನ್ ಹತ್ತಿರ ಬಂದಿತ್ತು. 2010ರ ಯುಜಿಸಿ ನಿಯಮದಲ್ಲಿ ಎಪಿಐ ಅಂತ ಅಂಕ ಎಣಿಸುವ ಪದ್ಧತಿ ಶುರುವಾಗಿತ್ತು. ಪೇಪರಿಗೆ ಇಷ್ಟು, ಸೆಮಿನಾರಿಗೆ ಇಷ್ಟು. ಒಂದು ಜರ್ನಲ್‌ಗೆ ದುಡ್ಡು ಕಳಿಸಿದೆ. ಒಂಬತ್ತನೇ ದಿನಕ್ಕೆ ಅಚ್ಚಾಯಿತು. ನನ್ನ ಲೇಖನದಲ್ಲಿ ಒಂದು ಇಸವಿ ತಪ್ಪಿತ್ತು. ಪರಿಶೀಲನೆ ಮಾಡಿದ್ದೇವೆ ಅಂದವರು ಯಾರೂ ಅದನ್ನು ನೋಡಿರಲಿಲ್ಲ. ಇವತ್ತಿಗೂ ಅದು ಹಾಗೇ ಇದೆ. ಕ್ಲಾಸಿನಲ್ಲಿ ಹುಡುಗರ ಇಸವಿ ತಿದ್ದುವಾಗಲೆಲ್ಲ ಅದು ನೆನಪಾಗುತ್ತಿತ್ತು.

ಆಮೇಲೆ 2018ರ ನಿಯಮದಲ್ಲಿ ಕಾಲೇಜು ಮೇಷ್ಟ್ರುಗಳಿಗೆ ಪಾಠದ ತೂಕ ಹೆಚ್ಚಾಯಿತು. ಕಳಪೆ ಜರ್ನಲ್ ತಡೆಯೋಕೆ ಅದೇ ವರ್ಷದ ಕೊನೆಗೆ ಕೇರ್ ಪಟ್ಟಿ, ಅಂದರೆ ಒಪ್ಪಿತ ಜರ್ನಲ್‌ಗಳ ಪಟ್ಟಿ, ಘೋಷಿಸಿದರು. 2025ರಲ್ಲಿ ಅದನ್ನೂ ಕೈಬಿಟ್ಟರು. ಪಟ್ಟಿ ಬರುತ್ತೆ, ಹೋಗುತ್ತೆ. ವಾರದಲ್ಲಿ ಅಚ್ಚು ಮಾಡಿ ಕೊಡುವ ಅಂಗಡಿ ಮಾತ್ರ ಮುಚ್ಚಿಲ್ಲ. 2022ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮೊದಲು ಪೇಪರ್ ಅಚ್ಚಾಗಿರಲೇಬೇಕು ಅನ್ನೋದನ್ನು ಯುಜಿಸಿ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಬೇರೆ ಇರಬಹುದು, ಅದನ್ನು ಮೊದಲು ಓದಿ.

ಪ್ರಬಂಧದಲ್ಲಿ ಎಷ್ಟು ಪರ್ಸೆಂಟ್ ಕಾಪಿ ಇದ್ರೆ ನಡೆಯುತ್ತೆ?

ಪ್ರಶ್ನೆಯೇ ಸರಿಯಿಲ್ಲ. ಆದರೂ ನಿಯಮ ಹೇಳುತ್ತೇನೆ. 2018ರ ಯುಜಿಸಿ ನಿಯಮದ ಪ್ರಕಾರ ಹೋಲಿಕೆ 10 ಪರ್ಸೆಂಟಿನವರೆಗೆ ಇದ್ದರೆ ದಂಡ ಇಲ್ಲ. 40ರವರೆಗೆ ಆದರೆ ತಿದ್ದಿ ಮತ್ತೆ ಸಲ್ಲಿಸಬೇಕು. 40 ದಾಟಿದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಪ್ರಬಂಧಗಳನ್ನು ಶೋಧಗಂಗಾ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಯಾರು ಬೇಕಾದರೂ ತೆಗೆದು ಓದಬಹುದು. ನಿಮ್ಮ ವಿದ್ಯಾರ್ಥಿಗಳೂ ಓದಬಹುದು, ಅದು ನೆನಪಿರಲಿ.

## ಸ್ವಲ್ಪ ಆಳದ ಪ್ರಶ್ನೆಗಳು

ಪಾಠ, ಸಂಶೋಧನೆ ಎರಡನ್ನೂ ಒಂದೇ ಕಡೆ ಕಟ್ಟಿಹಾಕಿದ್ದು ಯಾರು?

ಹೆಸರು ಹೇಳಬೇಕು ಅಂದರೆ ಜರ್ಮನಿಯ ವಿಲ್‌ಹೆಲ್ಮ್ ಫಾನ್ ಹಂಬೋಲ್ಟ್. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಶುರುವಾದಾಗ ಅದರ ಹಿಂದೆ ಇದ್ದದ್ದು ಅವರ ಯೋಚನೆ. ಶಾಲೆಯಲ್ಲಿ ಇರೋದು ಮುಗಿದ ಜ್ಞಾನ, ವಿಶ್ವವಿದ್ಯಾಲಯದಲ್ಲಿ ಇರೋದು ಇನ್ನೂ ಮುಗಿಯದ ಜ್ಞಾನ, ಅಲ್ಲಿ ಗುರು ಶಿಷ್ಯ ಇಬ್ಬರೂ ಹುಡುಕುವವರೇ ಅನ್ನೋದು ಅದರ ಸಾರ. ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಇದನ್ನು ಒಪ್ಪಲಿಲ್ಲ. 1852ರಲ್ಲಿ ಡಬ್ಲಿನ್‌ನಲ್ಲಿ ಕೊಟ್ಟ ಉಪನ್ಯಾಸಗಳ ಮುನ್ನುಡಿಯಲ್ಲಿ, ಕಂಡುಹಿಡಿಯೋದು ಬೇರೆ, ಕಲಿಸೋದು ಬೇರೆ, ಎರಡೂ ಒಬ್ಬರಲ್ಲೇ ಇರೋದು ಅಪರೂಪ ಅಂದರು.

ನಮ್ಮ ಕಡೆ ಬಂದದ್ದು ಇವೆರಡೂ ಅಲ್ಲ. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸು ವಿಶ್ವವಿದ್ಯಾಲಯಗಳು ಲಂಡನ್ ಮಾದರಿಯಲ್ಲಿ ಶುರುವಾದವು. ಅವು ಮೊದಲಿಗೆ ಪಾಠವನ್ನೂ ಮಾಡುತ್ತಿರಲಿಲ್ಲ, ಸಂಶೋಧನೆಯನ್ನೂ ಮಾಡುತ್ತಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದವು. ಪಾಠ ಕಾಲೇಜುಗಳ ಪಾಲಿಗೆ ಬಂತು. ಆ ಕಟ್ಟು ಇನ್ನೂ ಪೂರ್ತಿ ಸಡಿಲಾಗಿಲ್ಲ. ದಾವಣಗೆರೆಯಲ್ಲಿ ಮೊದಲು ಇದ್ದದ್ದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಅದು ಆಮೇಲೆ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆಯಿತು. ತೋಳಹುಣಸೆಯ ಕ್ಯಾಂಪಸ್ಸಿನಲ್ಲಿ ಲ್ಯಾಬು, ಸ್ಕಾಲರ್ ಎಲ್ಲಾ ಇದ್ದಾರೆ. ಆದರೆ ಜಗಳೂರಿನ ಹುಡುಗನಿಗೆ ವಿಶ್ವವಿದ್ಯಾಲಯ ಅಂದರೆ ಹಾಲ್ ಟಿಕೆಟ್ಟು ಮತ್ತು ಮಾರ್ಕ್ಸ್ ಕಾರ್ಡು.

ಚೆನ್ನಾಗಿ ಪಾಠ ಮಾಡೋದನ್ನೇ ವಿದ್ವತ್ತು ಅಂತ ಎಣಿಸಬಾರದಾ?

ಎಣಿಸಬಹುದು ಅಂತ 1990ರಲ್ಲಿ ಅಮೆರಿಕದ ಅರ್ನೆಸ್ಟ್ ಬಾಯರ್ ವಾದ ಮಾಡಿದರು. ಅವರ ಪ್ರಕಾರ ವಿದ್ವತ್ತು ನಾಲ್ಕು ಥರ: ಹೊಸದು ಕಂಡುಹಿಡಿಯೋದು, ಬೇರೆ ಬೇರೆ ಶಾಸ್ತ್ರಗಳನ್ನು ಜೋಡಿಸೋದು, ಜನರ ಕೆಲಸಕ್ಕೆ ಹಚ್ಚೋದು, ಕಲಿಸೋದು. ಅದಕ್ಕೂ ಮೊದಲು 1986ರಲ್ಲಿ ಲೀ ಶುಲ್‌ಮನ್ ಇನ್ನೊಂದು ಮಾತು ಹೇಳಿದ್ದರು. ವಿಷಯ ಗೊತ್ತಿರೋದು ಒಂದು ಜ್ಞಾನ. ಆ ವಿಷಯದಲ್ಲಿ ಕಲಿಯುವವರು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಕೊಟ್ಟರೆ ಏಳುತ್ತಾರೆ ಅಂತ ಗೊತ್ತಿರೋದು ಇನ್ನೊಂದು ಜ್ಞಾನ. ಇದನ್ನು ಓದಿದಾಗ ನನಗೆ ನಮ್ಮ ಹೈಸ್ಕೂಲ್ ಮೇಷ್ಟ್ರು ನೆನಪಾದರು.

ಒಂದು ಎಚ್ಚರಿಕೆ. ಪಾಠ ವಿದ್ವತ್ತು ಅನ್ನಿಸಿಕೊಳ್ಳಬೇಕಾದರೆ ಅದನ್ನು ಬೇರೆಯವರು ನೋಡಿ, ಪ್ರಶ್ನೆ ಮಾಡುವ ಹಾಗಿರಬೇಕು. ನಾವು ಬಾಗಿಲು ಹಾಕಿಕೊಂಡು ಪಾಠ ಮಾಡಿ, "ನನ್ನ ಕ್ಲಾಸು ಸೂಪರ್" ಅಂದರೆ ಅದು ಲೆಕ್ಕಕ್ಕಿಲ್ಲ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ದಿನ ಮಾಡುವ ಪಾಠವೂ ಲೆಕ್ಕಕ್ಕಿಲ್ಲ ಬಿಡಿ, ಆವತ್ತು ಬೋರ್ಡು ಕೂಡ ಹೊಸದು.

ಪಾಠ ಕನ್ನಡದಲ್ಲಿ, ಪೇಪರ್ ಇಂಗ್ಲಿಷಿನಲ್ಲಿ. ಈ ಎರಡು ದೋಣಿ ಹೇಗೆ ಸಂಭಾಳಿಸೋದು?

ಮೊದಲು ನನಗೂ ಹೊರೆ ಅನ್ನಿಸುತ್ತಿತ್ತು. ಈಗ ಹಾಗನ್ನಿಸೋದಿಲ್ಲ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ಚಂದ್ರವಳ್ಳಿ ಎರಡೂ ಕಡೆ ಅಗೆಸಿದರು. ಮಣ್ಣಿನ ಪದರಗಳನ್ನು ನೋಡಿ ಕಾಲ ಗೊತ್ತುಮಾಡುವ ಕ್ರಮವನ್ನು ದಕ್ಷಿಣದಲ್ಲಿ ಗಟ್ಟಿಯಾಗಿ ಊರಿದ ಕೆಲಸ ಅದು. ಅದಕ್ಕೆ ಇಂಗ್ಲಿಷಿನಲ್ಲಿ ಸ್ಟ್ರಾಟಿಗ್ರಫಿ ಅನ್ನುತ್ತಾರೆ. ಆ ಪದ ಬರೆದು, ಅರ್ಥ ಬರೆಸಿ, ಮುಂದೆ ಹೋಗುತ್ತಿದ್ದೆ.

ಒಂದು ದಿನ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಮನೆಗೆ ಪಾಯ ತೆಗೆಯುವಾಗ ಗೋಡೆಯಲ್ಲಿ ಪದರ ಕಾಣುತ್ತಲ್ಲ, ಮೇಲಿಂದು ಹೊಸದು, ಕೆಳಗಿಂದು ಹಳೇದು ಅಂದೆ. ಪಾಯ ತೆಗೆಯುವ ಕೆಲಸಕ್ಕೆ ಅಪ್ಪನ ಜೊತೆ ಹೋಗುತ್ತಿದ್ದ ಹುಡುಗ ಒಬ್ಬನಿದ್ದ. ಅವನು ಕೂತಲ್ಲೇ ಕೇಳಿದ: "ಮಧ್ಯದಲ್ಲಿ ಹೆಗ್ಗಣ ಬಿಲ ತೋಡಿದ್ರೆ ಸರ್? ಮೇಲಿಂದು ಕೆಳಗೆ ಬಿದ್ದಿರುತ್ತಲ್ಲ?"

ಉತ್ಖನನದ ವರದಿಗಳಲ್ಲಿ ಪದರ ಕದಡಿದೆ ಅಂತ ಅರ್ಥ ಬರುವ ಇಂಗ್ಲಿಷ್ ಮಾತನ್ನು ಎಷ್ಟೋ ಸಲ ಓದಿದ್ದೆ, ಓದಿ ದಾಟಿದ್ದೆ. ಅವತ್ತು ಸಂಜೆ ಮನೆಗೆ ಹೋಗಿ ಆ ಪುಟಗಳನ್ನು ಮತ್ತೆ ತೆಗೆದು ಕೂತೆ, ಹೆಗ್ಗಣ ಎಲ್ಲೆಲ್ಲಿ ನುಗ್ಗಿರಬಹುದು ಅಂತ ನೋಡುತ್ತಾ.